ಹಬ್ಬದ ಕೆಲಸದ ನಡುವೆ ಗೆಳತಿಯರು

ಕಾಸರಗೋಡಿನ ಕನ್ನಡ ಮನೆಗಳಿಗೆ ರಜೆಗಳು ಎರಡು ರಾಜ್ಯಗಳ ಲೆಕ್ಕದಲ್ಲಿ ಬರುತ್ತವೆ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಹಾಗಾಗಿ ಇಲ್ಲಿಯ ಶಾಲೆಗಳಿಗೆ ಓಣಂಗೆ ಸುಮಾರು ಹತ್ತು ದಿನ ರಜೆಯಿದ್ದರೆ ದೀಪಾವಳಿಗೆ ಸಿಗುವುದು ಒಂದೇ ದಿನ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಮಕ್ಕಳು ಅಲ್ಲಿಯ ದಸರಾ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಗಲ್ಫಿನಲ್ಲಿರುವವರು ಅಲ್ಲಿಯ ಶಾಲೆಗಳು ಸೆಕೆಗಾಲಕ್ಕೆಂದು ಮುಚ್ಚುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ನಮ್ಮ ಆಟಿಯ ಜಡಿಮಳೆಯ ನಡುವೆ ಬಂದಿಳಿಯುತ್ತಾರೆ. ಹೀಗೆ ಆಟಿಯಿಂದ ಹಿಡಿದು ಬಲೀಂದ್ರ ಪೂಜೆಯವರೆಗೆ ನಾಗರಪಂಚಮಿ, ಅಷ್ಟಮಿ, ಚೌತಿ, ನವರಾತ್ರಿ ಎಂದು ಹಬ್ಬದ ಹಿಂದೆ ಹಬ್ಬ, ನೆಂಟರ ಹಿಂದೆ ನೆಂಟರು ಬರುತ್ತಲೇ ಇರುವಾಗ ಒಲೆಯ ಮುಂದೆ ನಿಂತಿರುವವಳು ಹೆಚ್ಚಿನ ಮನೆಗಳಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅವಳ ಮೈ ಬದಲಾಗುವ ಕಾಲವೂ, ಅತ್ತೆ ಮಾವಂದಿರು ಹಾಸಿಗೆ ಹಿಡಿಯುವ ಕಾಲವೂ, ಮಕ್ಕಳ ಮದುವೆ ಬಾಣಂತನಗಳ ಕಾಲವೂ ಇದೇ ಆಗಿರುತ್ತದೆ.

ಈ ಪ್ರಾಯದಲ್ಲಿ ಹೆಂಗಸಿಗೆ ಗೆಳತಿಯರು ಬೇಕೇ ಬೇಕು, ಅದೂ ಹಬ್ಬ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಬಿಡುವಿನಲ್ಲಿ ಅಲ್ಲ, ಹಬ್ಬದ ಕೆಲಸದ ನಡುವೆಯೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಐವರು ಒಂದೇ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವರು. ಮದುವೆಯಾಗಿ ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬಳೆ ಎಂದು ಹರಿದು ಹಂಚಿಹೋದ ಮೇಲೆ ಮದುವೆ, ಉಪನಯನಗಳ ಊಟದ ಪಂಕ್ತಿಯಲ್ಲಿ ಕಂಡು ನಕ್ಕು ಬೀಳ್ಕೊಳ್ಳುವಷ್ಟೇ ಸ್ನೇಹ ಉಳಿದಿತ್ತು. ಮುಳ್ಳೇರಿಯದ ಗೆಳತಿ ಅಧ್ಯಾಪಿಕೆಯಾಗಿದ್ದವಳು. ಕೇರಳದ ನಿಯಮದಂತೆ 56ಕ್ಕೆ ನಿವೃತ್ತಳಾದಾಗ ಬೆಳಗ್ಗೆ ಎಂಟರ ಬಸ್ಸಿಗೆ ಓಡುವ ಅವಸರವಿಲ್ಲದ ದಿನವನ್ನು ಹೇಗೆ ಕಳೆಯುವುದೆಂದು ತಿಳಿಯದೆ ನಮ್ಮೆಲ್ಲರನ್ನೂ ಹುಡುಕಿ ಒಟ್ಟು ಮಾಡಿದವಳು ಅವಳೇ.

ಚೌತಿಯ ಮುನ್ನಾದಿನ ಎಲ್ಲರ ಮನೆಯ ಕೊಟ್ಟಿಗೆಯನ್ನೂ, ಅಂದರೆ ಹಲಸಿನ ಎಲೆಯಲ್ಲಿ ಹಿಟ್ಟು ತುಂಬಿ ಬೇಯಿಸುವ ಕಡುಬನ್ನು, ಒಂದೇ ಕಡೆ ಮಾಡೋಣ ಎಂದು ಹೊಳೆದದ್ದು ನೀರ್ಚಾಲಿನವಳಿಗೆ, ಏಕೆಂದರೆ ಅವಳ ಹಿತ್ತಿಲಿನಲ್ಲಿ ಹಲಸಿನ ಮರಗಳು ಧಾರಾಳವಾಗಿವೆ. ಬಲ್ಲವರಿಗೆ ಗೊತ್ತು, ಕೊಟ್ಟಿಗೆಯಲ್ಲಿ ಹಿಟ್ಟಿಗಿಂತ ಎಲೆಯದ್ದೇ ದೊಡ್ಡ ಕೆಲಸ. ತೀರ ಎಳೆಯದಾದರೆ ಹರಿಯುತ್ತದೆ, ಬಲಿತದ್ದಾದರೆ ಮಡಚುವಾಗ ಸೀಳುತ್ತದೆ. ಒಂದೇ ಅಳತೆಯ ನಾಲ್ಕು ಎಲೆಗಳನ್ನು ಆರಿಸಿ, ತೊಟ್ಟುಗಳನ್ನು ನಡುವಿಗೆ ಸೇರಿಸಿ, ತೆಂಗಿನ ಗರಿಯ ಕಡ್ಡಿಯನ್ನು ಚಿಕ್ಕದಾಗಿ ಮುರಿದು ಚುಚ್ಚಿ ಬಟ್ಟಲಿನಂತೆ ಕೊಟ್ಟೆ ಕಟ್ಟಬೇಕು. ಚುಚ್ಚಿದ ಕಡ್ಡಿ ಸಡಿಲವಾದರೆ ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ಹಿಟ್ಟು ಸೋರಿ ಹೋಗುತ್ತದೆ. ಒಬ್ಬಳೇ ಕುಳಿತು ನೂರು ಕೊಟ್ಟೆ ಕಟ್ಟುವುದು ಸೊಂಟಕ್ಕೂ ಮನಸ್ಸಿಗೂ ಶಿಕ್ಷೆ. ಐವರು ಕುಳಿತರೆ ಮಾತು ಮುಗಿಯುವ ಮೊದಲೇ ಎಲೆ ಮುಗಿಯುತ್ತದೆ.

ಅಂತಹ ಒಂದು ಮಧ್ಯಾಹ್ನ ಪೆರ್ಲದವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ಎದ್ದು ಜಗಲಿಗೆ ಹೋದಳು. ಹೊರಗೆ ಮಳೆ ಹನಿಯುತ್ತಿತ್ತು, ಗಾಳಿ ತಣ್ಣಗಿತ್ತು. ಆದರೂ ಅವಳ ಕತ್ತು, ರವಿಕೆಯ ಬೆನ್ನು ಬೆವರಿನಿಂದ ತೊಯ್ದಿದ್ದವು, ಮುಖ ಕೆಂಪೇರಿತ್ತು. ಜ್ವರವೇ ಎಂದು ನಾನು ಕೇಳುವ ಮೊದಲೇ ಕುಂಬಳೆಯವಳು ಒದ್ದೆ ಬೈರಾಸನ್ನು ಅವಳ ಕತ್ತಿಗೆ ಹಾಕಿ, “ನಿನಗೂ ಉಂಟಾ ಇದು?” ಎಂದಳು. “ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತೇನೆ ಮಾರಾಯ್ತಿ. ಮನೆಯಲ್ಲಿ ಯಾರ ಹತ್ತಿರ ಹೇಳುವುದು?” ಎಂದು ಪೆರ್ಲದವಳು ಅತ್ತುಬಿಟ್ಟಳು. ಆ ದಿನ ಕೊಟ್ಟೆ ಕಟ್ಟುತ್ತಲೇ ನಾವು ಮುಟ್ಟು ನಿಲ್ಲುವ ಪ್ರಾಯದ ಎಲ್ಲ ಸಂಗತಿಗಳನ್ನೂ ಮೊದಲ ಬಾರಿಗೆ ಬಾಯಿಬಿಟ್ಟು ಮಾತನಾಡಿದೆವು: ಬಾರದ ನಿದ್ದೆ, ಕಾರಣವಿಲ್ಲದೆ ಉಕ್ಕುವ ಸಿಟ್ಟು, ಕೀಲುನೋವು, ಗಂಡನೊಡನೆಯೂ ಹೇಳಲಾಗದ ಉರಿ ಮತ್ತು ಒಣಗುವಿಕೆ.

ನಮ್ಮ ತಾಯಂದಿರು ಇದನ್ನೆಲ್ಲ ಸಹಿಸಿಕೊಂಡರು ಎಂದು ಹೇಳುವವರಿದ್ದಾರೆ. ಸಹಿಸಿಕೊಂಡದ್ದು ನಿಜ, ಆದರೆ ತಿಳಿದುಕೊಳ್ಳುವ ಅವಕಾಶ ಅವರಿಗಿರಲಿಲ್ಲ ಎಂಬುದೂ ನಿಜ. ಸಾಮಾನ್ಯವಾಗಿ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ನಿಂತಿತೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಹಾಗೆ ನಿಂತ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು, ಹಬ್ಬ ಮುಗಿಯಲಿ ಎಂದು ಕಾಯಬಾರದು. ಈಸ್ಟ್ರೋಜನ್ ಕಡಿಮೆಯಾಗುವುದರಿಂದ ಆ ಬಳಿಕದ ಮೊದಲ ಕೆಲವು ವರ್ಷಗಳಲ್ಲಿ ಮೂಳೆಗಳು ಬೇಗ ಸವೆಯುತ್ತವೆ. ಥೈರಾಯ್ಡಿನ ತೊಂದರೆಯಿಂದಲೂ ಬೆವರು, ಎದೆಬಡಿತ, ಆಯಾಸ ಉಂಟಾಗಬಹುದಾದ್ದರಿಂದ ಎಲ್ಲವನ್ನೂ ಪ್ರಾಯದ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಪೆರ್ಲದವಳ ರಕ್ತಪರೀಕ್ಷೆ ಮಾಡಿಸಿದಾಗ ಅವಳಿಗೆ ಥೈರಾಯ್ಡ್ ಕೂಡ ಇದ್ದುದು ತಿಳಿದು ಬಂತು.

ವೈದ್ಯರಲ್ಲಿಗೆ ಹೋಗುವಾಗ ಗೆಳತಿ ಜೊತೆಗಿರುವುದು ನಮ್ಮ ಕಡೆ ಇನ್ನೊಂದು ಕಾರಣಕ್ಕಾಗಿ ಮುಖ್ಯ. ನಮ್ಮ ಪ್ರಾಯದ ಬಹಳಷ್ಟು ಹೆಂಗಸರ ಮಲೆಯಾಳ ಅಂಗಡಿ, ಬಸ್ಸು, ಪಂಚಾಯತು ಕಚೇರಿಗೆ ಸಾಕಾಗುವಷ್ಟೇ ಇದೆ. ಮೈಯ ಒಳಗಿನ ಸಂಕಟವನ್ನು ಅದರಲ್ಲಿ ಬಿಡಿಸಿ ಹೇಳಲಾಗದೆ, ಜೊತೆಗೆ ಬಂದ ಮಗನ ಎದುರು ಕನ್ನಡದಲ್ಲೂ ಹೇಳಲಾಗದೆ, “ಸುಸ್ತು” ಎಂಬ ಒಂದೇ ಮಾತಿಗೆ ಮಾತ್ರೆ ಬರೆಸಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಎಷ್ಟೋ ಮಂದಿ ಕಾಸರಗೋಡಿನಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಊರಿನ ರೋಗಿಗಳು ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ. ಈಗ ಐವರಲ್ಲಿ ಯಾರಿಗೆ ವೈದ್ಯರನ್ನು ಕಾಣಬೇಕಾದರೂ ಮಲೆಯಾಳ ಚೆನ್ನಾಗಿ ಬಲ್ಲ ಮುಳ್ಳೇರಿಯದವಳು ಜೊತೆಗಿರುತ್ತಾಳೆ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಾಳೆ.

ಕುಂಬಳೆಯವಳ ಗಂಡ ತೀರಿಕೊಂಡ ವರ್ಷ ಅವಳ ಮನೆಯಲ್ಲಿ ಹಬ್ಬವಿರಲಿಲ್ಲ. ಮಗ ಬೆಂಗಳೂರಿಗೆ ಬಾ ಎಂದ; ಅವನ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ, ಆದರೆ ಆ ಮನೆ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಊರಿಡೀ ಚೌತಿಯ ಗಡಿಬಿಡಿಯಲ್ಲಿರುವಾಗ ಹಬ್ಬವಿಲ್ಲದ ಮನೆಯ ಹೆಂಗಸಿಗೆ ಮಾಡಲು ಕೆಲಸವಿರುವುದಿಲ್ಲ, ಮಾತನಾಡಿಸಲು ಬರುವವರೂ ಇರುವುದಿಲ್ಲ; ಹಬ್ಬದ ದಿನ ಸೂತಕದ ಮನೆಗೆ ಹೋಗುವುದು ಹೇಗೆಂದು ಎಲ್ಲರೂ ಹಿಂಜರಿಯುತ್ತಾರೆ. ಈ ಹಿಂಜರಿಕೆಯನ್ನು ಗೆಳತಿಯರಾದರೂ ಮೀರಬೇಕು. ನಾವು ಸಿಹಿಯನ್ನು ಒಯ್ಯಲಿಲ್ಲ, ಹೊಸ ಸೀರೆಯನ್ನು ಉಡಲಿಲ್ಲ. ನಮ್ಮ ನಮ್ಮ ಮನೆಯ ಪೂಜೆ, ಊಟ ಮುಗಿಸಿ ಸಂಜೆ ಹೋಗಿ, ಅವಳ ಹಿತ್ತಿಲಿನಿಂದಲೇ ತಿಮರೆ (ಒಂದೆಲಗ) ಕೊಯ್ದು ತಂಬುಳಿ ಮಾಡಿ, ಅನ್ನದೊಂದಿಗೆ ಬಡಿಸಿ, ರಾತ್ರಿ ಅಲ್ಲಿಯೇ ಮಲಗಿದೆವು. ಅವಳು ಆಸ್ಪತ್ರೆಯ ಕೊನೆಯ ದಿನಗಳನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು; ಮಕ್ಕಳ ಎದುರು ಅಳಬಾರದೆಂದು ಅಷ್ಟು ಕಾಲ ತಡೆಹಿಡಿದದ್ದೆಲ್ಲ ಹೊರಗೆ ಬಂತು.

ರಜೆಗೆ ಬರುವ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ನೀವು ಬಂದಾಗ ಅಮ್ಮನಿಗೆ ಆಗುವ ಸಂತೋಷದಲ್ಲಿ ಸುಳ್ಳಿಲ್ಲ, ಅಷ್ಟೇ ನಿಜ ಅವಳ ಆಯಾಸ. ಅವಳನ್ನು ಬೇಕಲ ಕೋಟೆಗೆ, ಅನಂತಪುರದ ಕೆರೆಯ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗುವುದು ಒಳ್ಳೆಯದೇ. ಅದರ ಜೊತೆಗೆ ಒಂದು ಮಧ್ಯಾಹ್ನ ಅಡುಗೆಮನೆಯನ್ನು ನೀವು ವಹಿಸಿಕೊಂಡು, ಅಜ್ಜ ಅಜ್ಜಿಯರ ಮಾತ್ರೆಯ ಹೊತ್ತನ್ನು ನೀವೇ ನೋಡಿಕೊಂಡು, ಅವಳನ್ನು ಅವಳ ಗೆಳತಿಯ ಮನೆಗೆ ಕಳುಹಿಸಿ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಫೋನ್ ಮಾಡಬೇಡಿ.

ಈ ಸಲದ ಚೌತಿಯ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲ. ಪೆರ್ಲದವಳ ಬೆರಳ ಗಂಟುಗಳಲ್ಲಿ ನೋವಿರುವುದರಿಂದ ಮಾರುಕಟ್ಟೆಯಲ್ಲಿ ಕಟ್ಟಿಟ್ಟು ಮಾರುವ ಕೊಟ್ಟೆಗಳನ್ನೇ ತರೋಣ ಎಂದು ಮುಳ್ಳೇರಿಯದವಳು ಹೇಳುತ್ತಾಳೆ. ಮನೆಯ ಮರದ ಎಲೆಯಿರುವಾಗ ಕೊಂಡು ತರುವುದೇ ಎಂದು ನೀರ್ಚಾಲಿನವಳು ಕೇಳುತ್ತಾಳೆ. ನನಗೆ ಮುಳ್ಳೇರಿಯದವಳ ಮಾತೇ ಸರಿ ಎನಿಸುತ್ತದೆ. ಕೊಟ್ಟೆ ಎಲ್ಲಿಂದ ಬಂದರೂ ಹಿಟ್ಟನ್ನು ಒಟ್ಟಿಗೆ ಅರೆಯಬಹುದು, ಒಂದೇ ಅಟ್ಟಿನಳಗೆಯಲ್ಲಿ ಬೇಯಿಸಬಹುದು, ನೋವಿರುವವಳು ಮಣೆಯ ಮೇಲೆ ಸುಮ್ಮನೆ ಕುಳಿತು ಮಾತನಾಡಬಹುದು. ನೀರ್ಚಾಲಿನವಳನ್ನು ಒಪ್ಪಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.