ಹಾಳಾಗುವುದು ತಂತಿಯಲ್ಲ, ಬತ್ತಿ: ಇ-ಸಿಗರೇಟ್ ಕಾಯಿಲ್‌ಗಳ ಕೆಲಸದ ದಾಖಲೆ

ಜೂನ್ 2025

ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ, ಅಂದರೆ ಇ-ಸಿಗರೇಟುಗಳ, ಮಾರಾಟ ಈ ತಿಂಗಳ 1ರಿಂದ ನಿಂತಿದೆ. ವಿದ್ಯುತ್ ಸಾಧನಗಳ ಮರುಬಳಕೆಗೆ ದುಡಿಯುವ ಮಟೀರಿಯಲ್ ಫೋಕಸ್ ಸಂಸ್ಥೆ 2023ರಲ್ಲಿ ಹಾಕಿದ ಲೆಕ್ಕದ ಪ್ರಕಾರ ವಾರಕ್ಕೆ ಸುಮಾರು 50 ಲಕ್ಷ ವೇಪ್‌ಗಳು ಕಸಕ್ಕೆ ಹೋಗುತ್ತಿದ್ದವು. ಒಂದೊಂದರ ಹೊಟ್ಟೆಯಲ್ಲೂ ಒಂದು ಲಿಥಿಯಂ ಬ್ಯಾಟರಿ. ಇನ್ನು ಮುಂದೆ ಅಂಗಡಿಯಲ್ಲಿ ಮಾರುವ ಸಾಧನಕ್ಕೆ ಚಾರ್ಜ್ ಮಾಡಲು ಬರಬೇಕು, ದ್ರವ ತುಂಬಲು ಬರಬೇಕು, ಕಾಯಿಲ್ (ದ್ರವವನ್ನು ಕಾಯಿಸಿ ಆವಿ ಮಾಡುವ ಭಾಗ) ಇದ್ದರೆ ಅದನ್ನು ಬೇರೆಯಾಗಿ ಕೊಂಡು ಬದಲಿಸಲು ಬರಬೇಕು. ಬಹಳ ಒಳ್ಳೆಯ ಕಾನೂನು. ಆದರೆ ಬದಲಿಸಿ ತೆಗೆದ ಕಾಯಿಲ್ ಎಲ್ಲಿಗೆ ಹೋಗುತ್ತದೆ? ಅದೂ ಕಸಕ್ಕೇ. ಆ ಕಸವನ್ನು ಎಷ್ಟು ಕಡಿಮೆ ಮಾಡಬಹುದು ಎಂದು ನೋಡುವುದೇ ನನ್ನ ಈ ಕೆಲಸ.

ನಾನು ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಸಿಗರೇಟು ಬಿಡಲು ವೇಪ್ ಹಿಡಿದೆ, ಸಿಗರೇಟು ಬಿಟ್ಟಿತು. ನಿಕೋಟಿನ್ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಾ ಬಂದಿದ್ದೇನೆ. ಸಿಗರೇಟನ್ನು ಎಂದೂ ಸೇದದವರು ಇದರ ಹತ್ತಿರ ಬರಲೇಬಾರದು, ಮಕ್ಕಳಂತೂ ಬರಕೂಡದು. ಊರಿನಲ್ಲಿದ್ದು ಇದನ್ನು ಓದುತ್ತಿರುವವರಿಗೆ ಇನ್ನೊಂದು ಮಾತು: ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರಲ್ಲಿ ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ಕಾಯ್ದೆಯಿಂದ ಇಡೀ ದೇಶದಲ್ಲಿ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧವಾಯಿತು. ಬೆಂಗಳೂರಿಗೆ ಹೊರಟಾಗ ನನ್ನ ಸಾಮಾನುಗಳೆಲ್ಲ ರೆಡಿಂಗ್‌ನ ಮೇಜಿನ ಖಾನೆಯಲ್ಲೇ ಉಳಿಯುತ್ತವೆ. ಇಲ್ಲಿ ಬರೆಯುವುದೆಲ್ಲ ಇಲ್ಲಿನ ಮಾತು.

ಮೊದಲು ಮಾಡಿದ ಕೆಲಸ, ಸತ್ತುಹೋದ ಕಾರ್ಖಾನೆ ಕಾಯಿಲ್‌ಗಳನ್ನು ಸಣ್ಣ ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿದ್ದು. ಹೊರಗೆ ಲೋಹದ ಕವಚ, ಅದರಲ್ಲಿ ದ್ರವ ಒಳಬರುವ ಕಿಂಡಿಗಳು. ಒಳಗೆ ಹತ್ತಿಯ ಒಂದು ಸುತ್ತು. ಅದಕ್ಕೂ ಒಳಗೆ ಕೊಳವೆಯಂತೆ ಬಾಗಿಸಿದ, ಜಾಲರಿಯಂಥ ತೆಳು ಲೋಹದ ಹಾಳೆ. ತಳದಲ್ಲಿ ವಿದ್ಯುತ್ ಒಳಬರುವ ಪಿನ್ನು, ಅದನ್ನು ಕವಚದಿಂದ ಬೇರ್ಪಡಿಸುವ ಮೆತ್ತನೆಯ ಉಂಗುರ. ಸೀಳಿದವುಗಳಲ್ಲೆಲ್ಲ ಕವಚ ಹೊಸದರಂತಿತ್ತು, ಪಿನ್ನು ಹೊಳೆಯುತ್ತಿತ್ತು, ಜಾಲರಿ ಎಲ್ಲೂ ಹರಿದಿರಲಿಲ್ಲ. ಕೆಟ್ಟಿದ್ದದ್ದು ಜಾಲರಿಗೆ ತಾಗಿದ್ದ ಹತ್ತಿಯ ತೆಳು ಪದರ ಮತ್ತು ಜಾಲರಿಯ ಮೇಲೆ ಕೂತಿದ್ದ ಕಪ್ಪು ಕಿಟ್ಟ ಮಾತ್ರ. ಕೆಲವು ಮಿಲಿಗ್ರಾಂ ಕರಕಲಿಗಾಗಿ ಇಷ್ಟು ಲೋಹ ಕಸದ ಬುಟ್ಟಿ ಸೇರುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಜೂನ್ ಕೊನೆ

ತೊಳೆದು ನೋಡುವ ಸರದಿ. ಸ್ವಿಂಡನ್‌ನಲ್ಲಿರುವ ದಾವಣಗೆರೆಯ ಹುಡುಗನೊಬ್ಬ ಫೋನಿನಲ್ಲಿ, "ಅಣ್ಣ, ಬಿಸಿನೀರಿನಲ್ಲಿ ನೆನೆಸಿದರೆ ಕಾಯಿಲ್ ಹೊಸದರಂತೆ ಆಗುತ್ತದೆ ಎನ್ನುತ್ತಾರೆ, ನಿಜವೇ?" ಎಂದು ಕೇಳಿದ್ದ. ಅವನಿಗಾಗಿಯೂ ಇದನ್ನು ಬರೆದಿಡುತ್ತಿದ್ದೇನೆ.

ವೇಪ್ ದ್ರವವೆಂದರೆ ಮುಖ್ಯವಾಗಿ ಪ್ರೊಪೈಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್, ಜೊತೆಗೆ ಪರಿಮಳ, ನಿಕೋಟಿನ್. ಮೊದಲ ಎರಡೂ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ಆದ್ದರಿಂದ ಹಳೆಯ ಪರಿಮಳ ತೆಗೆದು ಹೊಸ ದ್ರವ ಹಾಕುವುದಷ್ಟೇ ಉದ್ದೇಶವಾದರೆ ಬಿಸಿನೀರು ಸಾಕು. ಕಾಯಿಲನ್ನು ನೀರಿನಲ್ಲಿ ಅಲುಗಾಡಿಸಿ, ನೀರು ಬದಲಿಸಿ, ಮತ್ತೆ ಅಲುಗಾಡಿಸಿದರೆ ಬಣ್ಣ ಇಳಿಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಇಟ್ಟರೆ ಪರಿಮಳದ ಎಣ್ಣೆಯೂ ಬಿಡುತ್ತದೆ. ಆಲ್ಕೊಹಾಲು ಬೆಂಕಿ ಹಿಡಿಯುವ ವಸ್ತು. ಅದರಲ್ಲಿ ನೆನೆದ ಕಾಯಿಲನ್ನು ಮತ್ತೆ ನೀರಿನಲ್ಲಿ ಜಾಲಿಸಿ, ಗಾಳಿಗೆ ಪೂರ್ತಿ ಒಣಗಿಸದೆ ಸಾಧನಕ್ಕೆ ಹಾಕಲೇಬಾರದು. ಒಳಗಿನ ಹತ್ತಿ ಒಣಗಲು ಒಂದು ರಾತ್ರಿ ಸಾಲುವುದಿಲ್ಲ, ಇಲ್ಲಿನ ತೇವದ ಹವೆಯಲ್ಲಂತೂ ಸಾಲುವುದೇ ಇಲ್ಲ.

ಆದರೆ ಕಿಟ್ಟ? ಅದು ಜಗ್ಗಲಿಲ್ಲ. ಒಮ್ಮೆ ಇದ್ದಿಲಾದದ್ದು ನೀರಿಗೂ ಕರಗುವುದಿಲ್ಲ, ಆಲ್ಕೊಹಾಲಿಗೂ ಕರಗುವುದಿಲ್ಲ. ಅದನ್ನು ಉಜ್ಜಿ ತೆಗೆಯೋಣವೆಂದರೆ ಜಾಲರಿ ಇರುವುದು ಕವಚದ ಒಳಗೆ. ಸುಟ್ಟು ತೆಗೆಯೋಣವೆಂದರೆ ಹತ್ತಿ ಜಾಲರಿಗೆ ಅಂಟಿಕೊಂಡೇ ಇದೆ, ಮೊದಲು ಸುಡುವುದು ಅದೇ. ತೊಳೆದ ಕಾಯಿಲ್ ಮೊದಲ ಕೆಲವು ಉಸಿರುಗಳಿಗೆ ಚೆನ್ನಾಗಿಯೇ ಇರುತ್ತದೆ, ಮಾರನೆಯ ದಿನ ಸೀದ ವಾಸನೆ ತಿರುಗಿ ಬರುತ್ತದೆ. ಸೀದ ಹತ್ತಿಯ ಹೊಗೆ, ದ್ರವ ಸಾಲದೆ ಅತಿಯಾಗಿ ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಇವು ಗಂಟಲಿಗೆ ಹೋಗಬಾರದ ವಸ್ತುಗಳು. ನನ್ನ ಅಭಿಪ್ರಾಯ ಇದು: ಪರಿಮಳ ಬದಲಿಸಲು ತೊಳೆಯಿರಿ, ಸೀದ ಕಾಯಿಲನ್ನು ಉಳಿಸಲು ತೊಳೆಯಬೇಡಿ.

ಜುಲೈ

ಬಿಚ್ಚಿ ಕಟ್ಟಲು ಬರುವ ಟ್ಯಾಂಕ್ ಕೊಂಡೆ. ಇದರಲ್ಲಿ ಕಾರ್ಖಾನೆ ಕಾಯಿಲ್ ಇಲ್ಲ. ಟ್ಯಾಂಕಿನ ಮಧ್ಯದಲ್ಲಿ ಡೆಕ್ ಎಂಬ ಪುಟ್ಟ ವೇದಿಕೆ, ಅದರ ಮೇಲೆ ತಿರುಪು ಇರುವ ಎರಡು ಕಂಬ. ತಂತಿಯನ್ನು ನಾವೇ ಸುತ್ತಿ ಕಂಬಗಳಿಗೆ ಬಿಗಿದು, ಸುರುಳಿಯ ಒಳಗೆ ಹತ್ತಿಯ ಬತ್ತಿ ತೂರಿಸಬೇಕು. ಟ್ಯಾಂಕಿನ ಗಾತ್ರ ಇಲ್ಲಿನ ನಿಯಮದಂತೆ 2 ಮಿಲಿಲೀಟರ್.

ತಂತಿಗೆ ಕ್ಯಾಂಥಲ್ ಎ1 ಆರಿಸಿದೆ. ಕಬ್ಬಿಣ, ಸುಮಾರು 22% ಕ್ರೋಮಿಯಂ, 6%ಕ್ಕೆ ತುಸು ಕಡಿಮೆ ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ ಇದು. ಸ್ವೀಡನ್ನಿನ ಹಾಲ್‌ಸ್ಟಾಹಮ್ಮರ್ ಎಂಬ ಊರಿನಲ್ಲಿ ಹುಟ್ಟಿ ಕುಲುಮೆಗಳಲ್ಲಿ 1400 ಡಿಗ್ರಿ ಸೆಲ್ಸಿಯಸ್‌ವರೆಗೂ ಬಳಕೆಯಾಗುವಂಥದ್ದು. ಇನ್ನೊಂದು ಸಾಮಾನ್ಯ ಆಯ್ಕೆಯಾದ ನೈಕ್ರೋಮ್ 80 ಬೇಗ ಕಾಯುತ್ತದೆ, ಆದರೆ ಅದರ ಶೇಕಡಾ 80 ಭಾಗ ನಿಕ್ಕಲ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಟಲಿಯಲ್ಲಿದ್ದಾಗ ದ್ರವದಲ್ಲಿ ಇರುವುದಕ್ಕಿಂತ ಹೆಚ್ಚು ನಿಕ್ಕಲ್, ಕ್ರೋಮಿಯಂ, ಸೀಸ ಆವಿಯಲ್ಲಿ ಕಂಡುಬಂದಿದ್ದವು. ಅಂದರೆ ಲೋಹ ಬರುವುದು ಬಿಸಿ ಕಾಯಿಲಿನಿಂದ. ಕ್ಯಾಂಥಲ್ ಆರಿಸಿದರೆ ಎಲ್ಲ ಚಿಂತೆಯೂ ತೀರುವುದಿಲ್ಲ, ತಂತಿಯಲ್ಲಿ ನಿಕ್ಕಲ್ ಇರುವುದಿಲ್ಲ ಅಷ್ಟೇ. ನನಗೆ ಅಷ್ಟು ಕಾರಣ ಸಾಕು.

ಲೆಕ್ಕ ಹೀಗಿದೆ. ನನ್ನ ತಂತಿ 28 ಗೇಜ್, ಅಂದರೆ 0.32 ಮಿಲಿಮೀಟರ್ ದಪ್ಪ. ಇದರ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಮೀಟರಿಗೆ ಸುಮಾರು 18 ಓಮ್. 2.5 ಮಿಲಿಮೀಟರ್ ಕಡ್ಡಿಯ ಮೇಲೆ ಸುತ್ತಿದರೆ ಒಂದು ಸುತ್ತಿಗೆ ಸುಮಾರು 9 ಮಿಲಿಮೀಟರ್ ತಂತಿ ಬೇಕು. ಏಳು ಸುತ್ತು ಮತ್ತು ಎರಡು ಕಾಲುಗಳು ಸೇರಿ 70 ಮಿಲಿಮೀಟರ್. ರೋಧ 1.25 ಓಮ್ ಆಸುಪಾಸು ಬರಬೇಕು, ಮೀಟರಿನಲ್ಲಿ ನೋಡಿದಾಗ ಬಂದದ್ದೂ ಅದೇ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಕೋಶದ 4.2 ವೋಲ್ಟನ್ನು ನೇರವಾಗಿ ಕೊಟ್ಟರೂ ಹರಿಯುವುದು ಮೂರೂವರೆ ಆಂಪಿಯರಿಗಿಂತ ಕಡಿಮೆ, ಶಕ್ತಿ 14 ವ್ಯಾಟ್. 18650 ಎಂಬ ಅಳತೆಯ ಲಿಥಿಯಂ ಕೋಶಕ್ಕೆ ಇದು ಏನೂ ಭಾರವಲ್ಲ. ಅರ್ಧ ಓಮಿಗಿಂತ ಕೆಳಗೆ ಇಳಿಯುವವರು ತಮ್ಮ ಕೋಶ ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಮೊದಲು ನೋಡಿಕೊಳ್ಳಲೇಬೇಕು. ರಕ್ಷಣೆಯ ಸರ್ಕ್ಯೂಟೇ ಇಲ್ಲದ ಯಾಂತ್ರಿಕ ಸಾಧನಗಳನ್ನು ನಾನು ಮುಟ್ಟುವುದಿಲ್ಲ, ಯಾರಿಗೂ ಹೇಳಿಕೊಡುವುದೂ ಇಲ್ಲ.

ಕಟ್ಟಿದ ಮೇಲೆ ಕಾಲುಗಳ ತುದಿಯನ್ನು ಕಂಬಕ್ಕೆ ಸಮನಾಗಿ ಕತ್ತರಿಸಬೇಕು. ಒಂದು ಕೂದಲಿನಷ್ಟು ಉಳಿದು ಹೊರಗಿನ ಲೋಹಕ್ಕೆ ತಾಗಿದರೂ ಶಾರ್ಟ್ ಆಗುತ್ತದೆ. ಗುಂಡಿ ಒತ್ತುವ ಮೊದಲು ರೋಧ ಅಳೆಯುವುದು ನನ್ನ ಮೇಜಿನ ಮೇಲೆ ತಪ್ಪದ ನಿಯಮ. ಅಳತೆ ನಿಲ್ಲದೆ ಓಲಾಡುತ್ತಿದ್ದರೆ ತಿರುಪು ಸಡಿಲವಿದೆ ಎಂದೇ ಅರ್ಥ.

ಜುಲೈ, ಬತ್ತಿ

ಇಡೀ ಕೆಲಸದಲ್ಲಿ ಕಲಿಯಲು ಹೆಚ್ಚು ಹೊತ್ತು ಬೇಡಿದ್ದು ಹತ್ತಿ. ದೀಪದ ಬತ್ತಿಯನ್ನು ಹೊಸೆದು ಗಟ್ಟಿ ಮಾಡುತ್ತೇವೆ. ಇಲ್ಲಿ ಹೊಸೆಯಲೇಬಾರದು, ಎಳೆಗಳು ಒಂದೇ ದಿಕ್ಕಿಗೆ ಮಲಗಿ ನಡುವೆ ದ್ರವಕ್ಕೆ ದಾರಿ ಬಿಡಬೇಕು. ಅಂದಾಜು ಸಿಗುವುದು ಬತ್ತಿಯನ್ನು ಸುರುಳಿಯೊಳಗೆ ಎಳೆಯುವಾಗ. ತುಸು ಹಿಡಿದಂತಾಗಬೇಕು, ಆದರೆ ಸುರುಳಿ ಜಾಗ ಬಿಟ್ಟು ಸರಿಯಬಾರದು. ಬಿಗಿಯಾದರೆ ದ್ರವ ಹೊತ್ತಿಗೆ ಸರಿಯಾಗಿ ಏರದೆ ಹತ್ತಿ ಸೀಯುತ್ತದೆ. ಸಡಿಲವಾದರೆ ಗಾಳಿಯ ಕಿಂಡಿಯಿಂದ ದ್ರವ ಸೋರಿ ಜೇಬು ಒದ್ದೆಯಾಗುತ್ತದೆ. ಎರಡೂ ಬದಿಯ ಬಾಲಗಳನ್ನು ಡೆಕ್ಕಿನ ಅಂಚಿಗೆ ಕತ್ತರಿಸಿ, ಚಿಮಟದ ತುದಿಯಿಂದ ಬಾಚಿ ತೆಳುವಾಗಿಸಿ, ದ್ರವ ಬರುವ ಕಾಲುವೆಯ ಬಾಯಿಗೆ ಹಗುರವಾಗಿ ಕೂರಿಸುತ್ತೇನೆ. ತುರುಕುವುದಿಲ್ಲ. ಆಮೇಲೆ ಹತ್ತಿ ಪೂರ್ತಿ ನೆನೆದು ಪಾರದರ್ಶಕವಾಗುವವರೆಗೆ ಹನಿ ಹಾಕುತ್ತೇನೆ.

ಆಗಸ್ಟ್

ಮೊದಲ ಬಾರಿ ಮರುಬಳಕೆ. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಘಟ್ಟ ಇದೇ. ಹಳೆಯ ಬತ್ತಿಯನ್ನು ಎಳೆದು ತೆಗೆದಾಗ ನಡುವಿನ ಭಾಗ ಕಂದಾಗಿತ್ತು, ಬಾಲಗಳು ಬೆಳ್ಳಗೇ ಇದ್ದವು. ತಂತಿಯ ಮೇಲೆ ಕಪ್ಪು ಪೊರೆ. ಹತ್ತಿ ಇಲ್ಲದ ಸುರುಳಿಗೆ 10 ವ್ಯಾಟ್ ಕೊಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತು ಗುಂಡಿ ಒತ್ತಿ ಬಿಟ್ಟೆ, ತುಸು ನಿಂತು ಮತ್ತೆ ಒತ್ತಿ ಬಿಟ್ಟೆ. ತಂತಿ ಮಂಕು ಕೆಂಪಿಗೆ ತಿರುಗಿತು, ಕಿಟ್ಟ ಬೂದಿಯಾಗಿ ಸಿಪ್ಪೆಯೆದ್ದಿತು. ಕಿಟಕಿ ತೆರೆದಿಟ್ಟು, ಆ ಹೊಗೆಯನ್ನು ಉಸಿರಾಡದೆ ಮಾಡಬೇಕಾದ ಕೆಲಸ. ಪೂರ್ತಿ ತಣಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಬೂದಿ ಕೊಡವಿ ತೊಳೆದೆ.

ಕೆಂಪಗಿರುವಾಗಲೇ ನೀರಿಗೆ ಅದ್ದಿ ಚುಯ್ ಎನ್ನಿಸುವವರನ್ನು ಕಂಡಿದ್ದೇನೆ. ಕಿಟ್ಟ ಬೇಗ ಉದುರುತ್ತದೆ, ನಿಜ. ಆದರೆ ಕ್ಯಾಂಥಲ್ ಮೊದಲ ಬಾರಿ ಕಾದಾಗ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ ಬೆಳೆಯುತ್ತದೆ. ತಂತಿಯನ್ನು ಕಾಯುವುದು ಅದೇ ಪೊರೆ, ಒಂದಕ್ಕೊಂದು ತಾಗಿದ ಸುತ್ತುಗಳ ನಡುವೆ ಶಾರ್ಟ್ ಆಗದಂತೆ ತಡೆಯುವುದೂ ಅದೇ. ಥಟ್ಟನೆ ತಣಿಸಿದರೆ ಆ ಪೊರೆ ಬಿರುಕು ಬಿಡಬಹುದು. ಲೋಹದ ಬ್ರಷ್‌ನಿಂದ ಗಸಗಸ ಉಜ್ಜಬಾರದು ಎನ್ನುವುದಕ್ಕೂ ಇದೇ ಕಾರಣ. ತಂತಿಯನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸುವುದಂತೂ ಬೇಡವೇ ಬೇಡ. ಟೈಟೇನಿಯಂ ಮತ್ತು ಶುದ್ಧ ನಿಕ್ಕಲ್ ತಂತಿಗಳನ್ನು ಹೀಗೆ ಒಣಗಾಗಿ ಕಾಯಿಸುವ ಮಾತೇ ಇಲ್ಲ.

ಸುತ್ತುಗಳು ಸಮನಾಗಿ ಕಾಯುತ್ತಿವೆಯೇ ಎಂದೂ ಈ ಹೊತ್ತಿನಲ್ಲೇ ನೋಡಬಹುದು. ಕೆಂಪು ನಡುವಿನಿಂದ ಹುಟ್ಟಿ ಎರಡೂ ಬದಿಗೆ ಹರಡಬೇಕು. ಒಂದು ಕಾಲಿನ ಬಳಿ ಮಾತ್ರ ಕೆಂಪಾದರೆ, ಗುಂಡಿಯಿಂದ ಬೆರಳು ತೆಗೆದು, ಸೆರಾಮಿಕ್ ಚಿಮಟದಿಂದ ಸುತ್ತುಗಳನ್ನು ಮೆಲ್ಲಗೆ ಮೀಟಿ, ಒಟ್ಟಿಗೆ ಒತ್ತಿದರೆ ಸರಿಹೋಗುತ್ತದೆ.

ರೆಡಿಂಗ್‌ನ ನೀರಿನ ಬಗ್ಗೆಯೂ ಹೇಳಬೇಕು. ಥೇಮ್ಸ್ ಕಣಿವೆಯ ನೀರು ಸುಣ್ಣದ ಗಡಸು ನೀರು, ನಮ್ಮ ಕೆಟಲಿನ ತಳದಲ್ಲಿ ಬೆಳ್ಳನೆಯ ಪದರ ಕಟ್ಟುತ್ತಲೇ ಇರುತ್ತದೆ. ನಲ್ಲಿ ನೀರಿನಲ್ಲಿ ತೊಳೆದ ಸುರುಳಿಯನ್ನು ಕಾಯಿಸಿದಾಗ ಅದರ ಮೇಲೂ ಅದೇ ಬಿಳಿ ಪುಡಿ ಕಂಡಿತು. ಈಗ ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲಿ. ಒಂದು ಬಾಟಲಿ ತಂದರೆ ತಿಂಗಳುಗಟ್ಟಲೆ ಬರುತ್ತದೆ.

ಅಕ್ಟೋಬರ್

ಕಿಟ್ಟ ಎಲ್ಲಿಂದ ಬರುತ್ತದೆ ಎಂದು ತಿಳಿಯಲೇಬೇಕೆನಿಸಿತು. ಒಂದೇ ತಂತಿ, ಒಂದೇ ಅಳತೆಯ ಎರಡು ಸುರುಳಿ ಕಟ್ಟಿ, ಒಂದಕ್ಕೆ ಸಿಹಿತಿಂಡಿ ಪರಿಮಳದ ದ್ರವ, ಇನ್ನೊಂದಕ್ಕೆ ಸಿಹಿ ಬೆರೆಸದ ಪುದೀನ ದ್ರವ ಹಾಕಿದೆ. ಸಿಹಿಯದರ ಸುರುಳಿ ವಾರ ತುಂಬುವ ಮೊದಲೇ ಕಪ್ಪಾಗಿ ರುಚಿ ಕೆಟ್ಟಿತು. ಪುದೀನದ್ದರಲ್ಲಿ ತಂತಿಯ ಬೂದು ಬಣ್ಣ ಇನ್ನೂ ಕಾಣುತ್ತಿತ್ತು, ಬತ್ತಿ ಬದಲಿಸಿದ್ದು ಬರೀ ಹಳತಾಯಿತೆಂದು. ದ್ರವಗಳಿಗೆ ಸಿಹಿ ಬರಲು ಹಾಕುವುದು ಸಾಮಾನ್ಯವಾಗಿ ಸುಕ್ರಲೋಸ್. ಅದು ಆವಿಯಾಗಿ ಹೋಗದೆ ತಂತಿಯ ಮೇಲೇ ಉಳಿದು ಕರಕಲಾಗುತ್ತದೆ. ಕಾದಾಗ ಒಡೆದು ಕ್ಲೋರಿನ್ ಇರುವ ಸಂಯುಕ್ತಗಳನ್ನೂ ಹುಟ್ಟಿಸುತ್ತದೆ. ಸ್ವಿಂಡನ್ ಹುಡುಗನಿಗೆ ಅಂದೇ ಫೋನ್ ಮಾಡಿ ಹೇಳಿದೆ: "ತೊಳೆಯುವ ಚಿಂತೆ ಆಮೇಲೆ ಮಾಡು, ಮೊದಲು ಸಿಹಿ ದ್ರವ ಬಿಡು." ಬಿಟ್ಟಿದ್ದಾನೆ. ಅವನ ಕಾರ್ಖಾನೆ ಕಾಯಿಲ್‌ಗಳೂ ಈಗ ಮೊದಲಿಗಿಂತ ಬಹಳ ಹೆಚ್ಚು ದಿನ ಬಾಳುತ್ತಿವೆಯಂತೆ.

ನವೆಂಬರ್

ಜುಲೈನಲ್ಲಿ ಸುತ್ತಿದ ತಂತಿ ಇನ್ನೂ ಡೆಕ್ಕಿನ ಮೇಲೆ ಇದೆ, ಅಳತೆ 1.25 ಓಮ್‌ನಿಂದ ಕದಲಿಲ್ಲ. ಸುರುಳಿಯ ಆಕಾರ ಸೊಟ್ಟಗಾದರೆ ಅಥವಾ ರೋಧ ಬದಲಾದರೆ ಹೊಸದು ಸುತ್ತುತ್ತೇನೆ, ಅಲ್ಲಿಯವರೆಗೆ ಬತ್ತಿ ಮಾತ್ರ ಬದಲಾಗುತ್ತದೆ. ತೆಗೆದ ಬತ್ತಿಯಲ್ಲಿ ನಿಕೋಟಿನ್ ಇರುತ್ತದೆ. ನೆರೆಮನೆಯಲ್ಲಿ ಮಗುವೂ ನಾಯಿಯೂ ಇರುವುದರಿಂದ ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಕಟ್ಟಿ ಕಸಕ್ಕೆ ಹಾಕುತ್ತೇನೆ. ಸುಸ್ತಾದ ಕೋಶಗಳು, ಕೆಟ್ಟ ಸಾಧನಗಳು ವೇಪ್ ಅಂಗಡಿಯ ವಾಪಸಾತಿ ಪೆಟ್ಟಿಗೆಗೆ.

ಮುಂದಿನ ಪ್ರಯೋಗಕ್ಕೆ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ತಂತಿ ಬಂದಿದೆ. ಇದರಲ್ಲಿ ನಿಕ್ಕಲ್ ಇದೆ, ಗೊತ್ತು. ಆದರೆ ಬಿಸಿಯೇರಿದಂತೆ ಇದರ ರೋಧ ಅಳೆಯುವಷ್ಟು ಏರುತ್ತದೆ, ಆ ಏರಿಕೆಯಿಂದ ಸಾಧನ ತಾಪಮಾನವನ್ನು ಲೆಕ್ಕ ಹಾಕಿ 210 ಡಿಗ್ರಿಯಲ್ಲಿ ತಡೆಯಬಲ್ಲದು. ದ್ರವ ಮುಗಿದರೂ ಹತ್ತಿ ಸೀಯಬಾರದು. ಅದೇ ಏಳು ಸುತ್ತಿಗೆ ಇದರಲ್ಲಿ ಬರುವುದು 0.65 ಓಮ್ ಆಸುಪಾಸು. ಸುರುಳಿ ಪೂರ್ತಿ ತಣ್ಣಗಿರುವಾಗ ಮೂಲ ರೋಧವನ್ನು ಸಾಧನದಲ್ಲಿ ದಾಖಲಿಸಬೇಕು, ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಕ್ಯಾಂಥಲ್ ಮತ್ತು ಸ್ಟೀಲ್ ಎರಡಕ್ಕೂ ಒಂದೇ ಪುದೀನ ದ್ರವ ಹಾಕಿ, ಬತ್ತಿಯ ಬಣ್ಣವನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.