ಕಾಣದ ರಾಜನ ಮುಖ

ಕನಗನಹಳ್ಳಿಯ ಆ ಕಲ್ಲು ಇನ್ನೂ ತಲೆಯಿಂದ ಹೋಗಿಲ್ಲ. ನಮ್ಮ ಕಲಬುರಗಿ ಜಿಲ್ಲೆಯದೇ ಊರು, ಸನ್ನತಿ ಪಕ್ಕದಲ್ಲೇ, ಭೀಮಾ ದಂಡೆ. 1990ರ ದಶಕದಲ್ಲಿ ಇಲ್ಲಿ ಬೌದ್ಧ ಸ್ತೂಪವನ್ನು ಅಗೆದು ತೆಗೆದಾಗ ಸಿಕ್ಕ ಸುಣ್ಣದ ಕಲ್ಲಿನ ಫಲಕ ಅದು. ನಡುವೆ ರಾಜ, ಪಕ್ಕದಲ್ಲಿ ರಾಣಿ. ಸೇವಕಿಯರಲ್ಲಿ ಒಬ್ಬಳು ಕೊಡೆ ಹಿಡಿದಿದ್ದಾಳೆ, ಇನ್ನೊಬ್ಬಳ ಕೈಯಲ್ಲಿ ಚಾಮರ. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ 'ರಾಯ ಅಸೋಕೋ', ಅಂದ್ರೆ ರಾಜ ಅಶೋಕ.

ಆದರೆ ಕೆತ್ತಿದವನು ಅಶೋಕನನ್ನು ಕಂಡವನೇ ಅಲ್ಲ. ಅಷ್ಟೊತ್ತಿಗೆ ಅಶೋಕ ಸತ್ತು ನೂರಾರು ವರ್ಷ ಆಗಿತ್ತು. ಫೋಟೋ ಇಲ್ಲ, ಕಂಡವರೂ ಇಲ್ಲ. ಹಾಗಾದ್ರೆ ಆ ಮುಖ ಎಲ್ಲಿಂದ ಬಂತು? ತಾನು ಕೇಳಿದ ಕಥೆಗಳಿಂದ, ಸುತ್ತಮುತ್ತ ನೋಡಿದ ಜನರಿಂದ, ಅವರ ಒಡವೆ, ಅವರು ನಿಲ್ಲುವ ರೀತಿಯಿಂದ ಬಂದಿರಬೇಕು ಅಂತ ನನಗನ್ನಿಸುತ್ತೆ. ಕಲ್ಪನೆ ಅಂದ್ರೆ ಗಾಳಿಯಲ್ಲಿ ಮನೆ ಕಟ್ಟೋದಲ್ಲ. ಕೈಗೆ ಸಿಕ್ಕಿದ್ದರಿಂದಲೇ ಕಣ್ಣಿಗೆ ಸಿಗದ್ದನ್ನು ಕಟ್ಟೋದು.

ಕಥೆ ಓದಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, 'ಇದು ನಿಜಕ್ಕೂ ನಡೆದದ್ದಾ?' ಅಂತ. ಆ ಪ್ರಶ್ನೆ ನನಗೆ ಯಾಕೋ ಚಿಕ್ಕದು ಅನ್ನಿಸುತ್ತೆ. ಅಶೋಕ ಹೀಗೇ ಇದ್ದನಾ ಅಂತ ಯಾರೂ ಹೇಳಲಾರರು. ಆದರೂ ಹೆಸರು ಕೆತ್ತಿದ ಅಶೋಕನ ಚಿತ್ರ ನೋಡಬೇಕು ಅಂದ್ರೆ ದೇಶದ ಜನ ಈ ಶಿಲ್ಪಿಯ ಕೆಲಸದ ಮುಂದೆಯೇ ಬಂದು ನಿಲ್ಲುತ್ತಾರೆ. ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ, ಅದೇ ನನಗೆ ಸಂಕಟ.

ಕಲಬುರಗಿಯಲ್ಲಿದ್ದೂ ನೋಡದವರು ಒಂದು ಭಾನುವಾರ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.