ಡೆಕ್ಕಿನ ಕಟಕಟೆ, ಹಳ್ಳದ ಸಂಕ

“ಅಮ್ಮ, ಇದನ್ನು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟವರು ಯಾರು?” ಮಗಳ ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಸಿಯಾಟಲ್‌ನಲ್ಲಿ ಡೆಕ್ಕಿನ, ಅಂದರೆ ಮನೆಗೆ ಹೊಂದಿಸಿದ ಮರದ ತೆರೆದ ಜಗಲಿಯ, ಕೆಲಸಕ್ಕೆ ಜುಲೈ ಒಳ್ಳೆಯ ತಿಂಗಳು. ಮಳೆ ಹಿಂದೆ ಸರಿದು, ಮರ ಒಳಗಿನವರೆಗೂ ಒಣಗಿರುತ್ತದೆ. ಹಿತ್ತಲಿನ ಸೀಡರ್ ಹಲಗೆಗಳ ಪಾಚಿ ಉಜ್ಜಿ ತೆಗೆದೆವು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಮೇಲ್ಪದರವನ್ನು ಉಪ್ಪುಕಾಗದದಿಂದ ತಿಕ್ಕಿದಾಗ ಒಳಗಿನ ಕೆಂಪು ಕಾಣಿಸಿತು. ನೀರು ಚಿಮುಕಿಸಿ ನೋಡಿದೆ; ಹನಿಗಳು ಮೇಲೆ ನಿಲ್ಲದೆ ಇಳಿದುಹೋದವು. ಮರ ಎಣ್ಣೆಗೆ ಕಾದಿತ್ತು. ಹಲಗೆಯ ಕೊಯ್ದ ತುದಿಗಳಿಗೆ ಎರಡು ಸಲ ಹಚ್ಚಬೇಕು, ನೀರು ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಈ ಮಾತನ್ನು ಅಜ್ಜಯ್ಯನಿಂದ ಕಲಿತಿದ್ದೆ. ಮಾಡಿನ ಮರಕ್ಕೆ ಗೇರೆಣ್ಣೆ ಬಳಿಯುವಾಗ ಅವರು ತುದಿಗಳಿಂದಲೇ ಶುರು ಮಾಡುತ್ತಿದ್ದರು. ಮೈಗೆ ತಾಗಿದರೆ ಬೊಕ್ಕೆ ಏಳಿಸುವ ಎಣ್ಣೆ ಅದು. ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ.

ಅಷ್ಟರಲ್ಲಿ ಹೊಸನಗರದ ಕಡೆಯ ನಮ್ಮೂರಿನಿಂದ ಚಿಕ್ಕಪ್ಪನ ಮಗ ಒಂದು ಚಿತ್ರ ಕಳಿಸಿದ. ಉಕ್ಕಿದ ಹಳ್ಳದ ಮೇಲೆ ಅಡಿಕೆ ಮರಗಳನ್ನು ಹಾಸಿ ದಬ್ಬೆ ಕಟ್ಟಿದ ಕಾಲುಸಂಕ. ಕೈಗೆ ಆಸರೆಯಾಗಿ ಒಂದೇ ಬದಿಗೆ ಬಿದಿರು. ಕೊಡೆ ಹಿಡಿದು, ಬೆನ್ನಿಗೆ ಚೀಲ ಏರಿಸಿ, ಶಾಲೆಗೆ ಹೊರಟ ಅವನ ಮಗ. ಅದನ್ನು ನೋಡಿಯೇ ಮಗಳು ಕೇಳಿದ್ದು.

ನಮ್ಮ ಡೆಕ್ ಕಟ್ಟಿಸಿದಾಗ ಪರಿವೀಕ್ಷಕರು ಬಂದು ಅಳತೆಪಟ್ಟಿ ಹಿಡಿದದ್ದನ್ನು ಅವಳು ಕಂಡಿದ್ದಾಳೆ. ಇಲ್ಲಿನ ನಿಯಮದಂತೆ ನೆಲದಿಂದ 30 ಇಂಚು ಮೀರಿದ ಡೆಕ್ಕಿಗೆ ಕನಿಷ್ಠ 36 ಇಂಚಿನ ಕಟಕಟೆ ಇರಬೇಕು. ಸರಳುಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಪುಟ್ಟ ಮಗು ನುಸುಳಿ ಬೀಳಬಾರದು, ತಲೆ ಸಿಕ್ಕಿಸಿಕೊಳ್ಳಬಾರದು ಎಂಬ ಕಾಳಜಿ. ಕೆಳಗಿರುವುದು ಹುಲ್ಲುಹಾಸು.

ಸಂಕವನ್ನು ನಾನು ಹೀಗಳೆಯಲಾರೆ. ಅದನ್ನು ದಾಟಿಯೇ ಓದಿದವಳು. ಮುಂಗಾರಿಗೆ ಮೊದಲು ಊರವರೆಲ್ಲ ಸೇರಿ, ಫಸಲು ಕೊಡುವುದು ನಿಂತ ಅಡಿಕೆ ಮರಗಳನ್ನು ಕಡಿದು, ಹೊತ್ತು ತಂದು ಕಟ್ಟುತ್ತಿದ್ದರು. ಅಡಿಕೆ ಮರದ ಹೊರಮೈ ಗಟ್ಟಿ, ತಿರುಳು ಮೆದು. ನೀರು ಕುಡಿದು ಬೇಗ ಕುಂಬಾಗುತ್ತದೆ. ಸಿಯಾಟಲ್ ಮಳೆಯೂರೆಂದು ಹೆಸರಾದರೂ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 950 ಮಿಲಿಮೀಟರ್. ಆಗುಂಬೆಯಲ್ಲಿ ಸಾಮಾನ್ಯವಾಗಿ ಜುಲೈ ಒಂದರಲ್ಲೇ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಅಂಥ ಸೀಮೆಯಲ್ಲಿ ಕತ್ತಿ, ಹಗ್ಗಗಳಲ್ಲೇ ದಾರಿ ಮಾಡಿಕೊಂಡವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅವರ ಜಾಣ್ಮೆಯನ್ನೇ ನೆಚ್ಚಿಕೊಂಡು ಆಳುವವರು ಸುಮ್ಮನಿರುವುದು ತಪ್ಪು. ಮಲೆನಾಡಿನ ಎಷ್ಟೋ ಹಳ್ಳಗಳಿಗೆ ಕಾಂಕ್ರೀಟಿನ ಕಿರುಸೇತುವೆಗಳಾಗಿವೆ. ಆಗದ ಕಡೆ, ಮಳೆ ಜೋರಾದರೆ, ತಾಯಂದಿರು ಸಂಜೆ ದಡಕ್ಕೆ ಬಂದು ನಿಲ್ಲುತ್ತಾರೆ. ನನ್ನಮ್ಮನೂ ನಿಲ್ಲುತ್ತಿದ್ದಳು, ತಲೆಯ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು.

ಖರ್ಚು ನಾನು ಕೊಡುತ್ತೇನೆ, ಎರಡೂ ಬದಿಗೆ ಒತ್ತಾಗಿ ಕಬ್ಬಿಣದ ಸರಳು ಹಾಕಿಸು ಎಂದು ಚಿತ್ರ ಕಳಿಸಿದ ತಮ್ಮನಿಗೆ ಹೇಳಿದೆ.

“ಅಕ್ಕ, ಅಷ್ಟು ಒತ್ತಾಗಿ ಹಾಕಿದರೆ ನೆರೆಯಲ್ಲಿ ತೇಲಿ ಬರುವ ಕೊಂಬೆ, ಸೊಪ್ಪುಸದೆಯೆಲ್ಲ ಸಿಕ್ಕಿಕೊಂಡು ಸಂಕವನ್ನೇ ಎಳೆದೊಯ್ಯುತ್ತದೆ. ಮೊದಲು ಸಂಕ ನೆರೆಯ ಮಟ್ಟದಿಂದ ಮೇಲೇಳಬೇಕು. ಎರಡೂ ದಡದಲ್ಲಿ ಗಟ್ಟಿ ಕಟ್ಟೆ ಬೇಕು, ಎಂಜಿನಿಯರ್ ಬಂದು ನೋಡಬೇಕು. ಇದು ನೀನೊಬ್ಬಳು ದುಡ್ಡು ಕಳಿಸಿದರೆ ಆಗುವ ಕೆಲಸವಲ್ಲ” ಎಂದ.

ಹಳ್ಳದ ಗುಣ ಬಲ್ಲವನ ಮಾತು. ಈ ಸಲ ನೀರು ಎಲ್ಲಿಯವರೆಗೆ ಏರಿತೆಂದು ದಡದ ಮರಗಳಿಗೆ ಗುರುತು ಹಾಕಿ, ಚಿತ್ರ ತೆಗೆದಿಡುತ್ತಿದ್ದಾನೆ. ಅರ್ಜಿಯ ಕರಡು ನಾನು ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೀಗೆ ಕಿರುಸೇತುವೆ ಮಾಡಿಸಿಕೊಂಡ ಊರಿನವರು ಇದನ್ನು ಓದುತ್ತಿದ್ದರೆ, ಅರ್ಜಿ ಯಾರಿಗೆ ಕೊಟ್ಟಿರಿ, ಅಂದಾಜುಪಟ್ಟಿ ಯಾರಿಂದ ಮಾಡಿಸಿದಿರಿ ಎಂದು ದಯವಿಟ್ಟು ತಿಳಿಸಿ.